ನಲ್ಲಿಗೆ ಕಟ್ಟಿದ ಉಣ್ಣೆಯ ಎಳೆ

ಅನ್ಸೆಲ್ಮೊ ಸತ್ತದ್ದು ಜುಲೈ ತಿಂಗಳಲ್ಲಿ, ಭೂಮಿಯ ದಕ್ಷಿಣ ತುದಿಯ ನಮ್ಮ ದ್ವೀಪದ ನಟ್ಟ ನಡು ಚಳಿಗಾಲದಲ್ಲಿ. ಬೆಳಿಗ್ಗೆ ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಒಲೆಯ ಪಕ್ಕದ ಬೆಂಚಿನ ಮೇಲೆ ಕೂತವನು ಹಾಗೆಯೇ ಗೋಡೆಗೆ ಒರಗಿದ. ಕೆಮ್ಮು ನಿಂತಿತಲ್ಲ, ಸ್ವಲ್ಪ ನಿದ್ದೆ ಹತ್ತಿರಬೇಕು ಅಂದುಕೊಂಡು ಹೆಂಡತಿ ಎತೆಲ್ವಿನಾ ಸದ್ದು ಮಾಡದೆ ಹಾಲು ಕಾಯಿಸಲು ಇಟ್ಟಳಂತೆ. ಹಾಲು ಉಕ್ಕಿ ಸೀದ ವಾಸನೆ ಮನೆ ತುಂಬಿತು. ಆದರೂ ಅವನು ಬಯ್ಯಲಿಲ್ಲ. ಆಗ ಅವಳಿಗೆ ಗೊತ್ತಾಯಿತು.

ನಾನು ಅವರ ಬೇಲಿ ಪಕ್ಕದ ಮನೆಯವಳು, ಕ್ಲೊರಿಂದಾ. ಬ್ರೆಡ್ಡು ಬೇಯಿಸಿ ಮಾರುತ್ತೇನೆ. ಅವರ ಒಬ್ಬಳೇ ಮಗಳು ಮಿರೆಯಾಗೆ ಇಗರ್ಜಿಯಲ್ಲಿ ಹೆಸರಿಡುವಾಗ ಎತ್ತಿ ಹಿಡಿದವಳು ನಾನೇ. ಹಾಗೆ ಹಿಡಿದವಳನ್ನು ನಮ್ಮಲ್ಲಿ ಮಗು ‘ಮದ್ರಿನಾ’ ಅನ್ನುತ್ತದೆ, ಹಿಡಿದವಳೂ ಹೆತ್ತವಳೂ ಒಬ್ಬರನ್ನೊಬ್ಬರು ‘ಕೊಮಾದ್ರೆ’ ಅಂತ ಕರೆಯುತ್ತಾರೆ. ಒಡಹುಟ್ಟಿದವರಿಗೆ ಹೇಳದ್ದನ್ನೂ ಕೊಮಾದ್ರೆಗೆ ಹೇಳಬಹುದು. ಹೇಳದೆ ಉಳಿಸಿಕೊಂಡರೂ ಅವಳು ತಪ್ಪು ತಿಳಿಯುವುದಿಲ್ಲ.

ಅನ್ಸೆಲ್ಮೊ ಮೊದಲು ನಮ್ಮ ಪೊರ್ವೆನಿರ್ ಊರಿನಾಚೆಯ ಕಾರ್ಖಾನೆಯಲ್ಲಿದ್ದ, ಕುರಿಮಾಂಸವನ್ನು ಹೆಪ್ಪುಗಟ್ಟಿಸಿ ಹಡಗಿಗೆ ತುಂಬುವ ಕೆಲಸ. ಆ ಕೆಮ್ಮು ಅಲ್ಲಿಂದಲೇ ತಂದದ್ದು. ಕಾರ್ಖಾನೆ ಮುಚ್ಚಿದ ಮೇಲೆ ಬೀದಿಯ ಮನೆಗಳ ನೀರಿನ ಕೊಳಾಯಿಗಳು ಚಳಿಗೆ ಒಡೆಯದಂತೆ ಕಾಯುವ ಕೆಲಸ ಅವನ ಪಾಲಿಗೆ ಬಂತು. “ಅಲ್ಲಿ ಹೆಪ್ಪುಗಟ್ಟಿಸೋಕೆ ಸಂಬಳ ಕೊಡ್ತಿದ್ರು, ಇಲ್ಲಿ ಕರಗಿಸೋಕೆ ಸೂಪು ಕೊಡ್ತಾರೆ” ಅಂತ ನಗುತ್ತಿದ್ದ. ಏಪ್ರಿಲ್ ಬಂತೆಂದರೆ ಕತ್ತರಿಸಿ ಬಿಸಾಡಿದ ಕೊಳಕು ಉಣ್ಣೆ, ಗೋಣಿ, ತಂತಿ ಹೊತ್ತು ಮನೆ ಮನೆಗೆ ಬರುವನು. ನೆಲದಡಿಗೆ ತೆವಳಿ ಕೊಳಾಯಿಗೆ ಉಣ್ಣೆ ಸುತ್ತಿ, ಗೋಣಿ ಹೊದಿಸಿ, ತಂತಿ ಬಿಗಿದು, ಗಾಳಿ ನುಗ್ಗುವ ಸಂದುಗಳಿಗೆ ಮರದ ಹೊಟ್ಟು ತುರುಕುವನು. ಹೊರಡುವಾಗ ಪ್ರತಿ ಮನೆಯ ಹೆಂಗಸಿಗೂ ಒಂದೇ ಪಾಠ: “ರಾತ್ರಿ ನಲ್ಲಿ ಪೂರ್ತಿ ಮುಚ್ಬೇಡಿ. ದಾರದಷ್ಟು ಬಿಟ್ಟಿರಿ. ಹರಿಯೋ ನೀರಿಗೆ ಹೆಪ್ಪುಗಟ್ಟೋಕೆ ಪುರುಸೊತ್ತಿರಲ್ಲ.”

ಈ ಪಾಠ ತಪ್ಪಿದ್ದು ಅವನ ಸ್ವಂತ ಮನೆಯಲ್ಲೇ. ಹಿಂದಿನ ವರ್ಷದ ಚಳಿಗಾಲದ ಮಾತು. ಎತೆಲ್ವಿನಾಗೆ ಜ್ವರ ಬಂದು ಮಲಗಿದ್ದರಿಂದ ನಲ್ಲಿ ನೋಡಿಕೊಳ್ಳುವ ಕೆಲಸ ಮಿರೆಯಾಗೆ ಬಿದ್ದಿತ್ತು. ಅವಳು ಮಲಗುವ ಮುಂಚೆ ನಲ್ಲಿಯನ್ನು ಬಿಗಿಯಾಗಿ ಮುಚ್ಚಿಬಿಟ್ಟಳು. ಬೆಳಗಾಗುವುದರೊಳಗೆ ಅಡುಗೆಮನೆಯ ಕೊಳಾಯಿ ಸೀಳಿತ್ತು. ಒಲೆ ಹೊತ್ತಿಸಿದ್ದೇ ತಡ, ನೀರು ಚಿಮ್ಮಿ ಹಿಟ್ಟಿನ ಮೂಟೆ, ಚಳಿಗಾಲಕ್ಕೆಂದು ಇಟ್ಟಿದ್ದ ಆಲೂಗಡ್ಡೆ, ಎಲ್ಲ ತೊಯ್ದುಹೋಯಿತು. ಬೀದಿಯವರೆಲ್ಲ ಬಕೆಟ್ಟು ಹಿಡಿದು ಓಡಿದೆವು. ನಮ್ಮೆದುರಿಗೇ ಅನ್ಸೆಲ್ಮೊ ಮಗಳನ್ನು ಬಯ್ದ. ಊರಿನ ನಲ್ಲಿಗಳನ್ನೆಲ್ಲ ಕಾಯುವವನ ಮನೆಯಲ್ಲಿ ಒಬ್ಬ ದಡ್ಡಿ ಹುಟ್ಟಿದಳು ಅಂದ. ಇನ್ನೂ ಏನೇನೋ ಅಂದ. ಬರೆಯುವುದು ಬೇಡ.

ಮಿರೆಯಾ ನೆಲ ಒರೆಸಿ ಮುಗಿಸಿದಳು. ಅದೇ ವಾರ, ದ್ವೀಪದ ಒಳಗಿನ ಒಂದು ಕುರಿ ಎಸ್ಟೇಟಿಗೆ ಅಡುಗೆಯವಳು ಬೇಕೆಂದು ತಿಳಿದು ಹೊರಟುಹೋದಳು. ಬಸ್ಸು ಹತ್ತುವಾಗ ನನ್ನ ಕೈ ಹಿಡಿದುಕೊಂಡು ಒಂದೇ ಒಂದು ಮಾತು ಹೇಳಿದಳು: “ತೊಟ್ಟಿಗೆ ಬೀಳೋ ನೀರಿನ ಸದ್ದಿಗೆ ಅಪ್ಪನಿಗೆ ಎಚ್ಚರ ಆಗ್ತಿತ್ತು ಮದ್ರಿನಾ. ಎಚ್ಚರ ಆದ್ರೆ ಕೆಮ್ಮು ಶುರು. ಒಂದು ರಾತ್ರಿ ಆದ್ರೂ ಮಲಗ್ಲಿ ಅಂತ ಮುಚ್ಚಿದೆ.” ಅಪ್ಪನಿಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಳು. ಅಪ್ಪನ ಹಟವೇ ಮಗಳಿಗೂ ಇತ್ತು.

ನಾನು ಹೇಳಲಿಲ್ಲ. ಅವನೂ ಕೇಳಲಿಲ್ಲ. ಆದರೆ ಕೆಲವು ದಿನ ಕಳೆದು ಅವರ ಅಡುಗೆಮನೆಗೆ ಹೋದಾಗ ನಲ್ಲಿಯ ಮೂತಿಗೆ ಒಂದು ಬಿಳಿ ಉಣ್ಣೆಯ ಎಳೆ ಕಟ್ಟಿತ್ತು. ಅದರ ಇನ್ನೊಂದು ತುದಿ ಕೆಳಗಿನ ತಗಡಿನ ತೊಟ್ಟಿಯ ತಳ ಮುಟ್ಟುತ್ತಿತ್ತು. ನೀರು ಆ ಎಳೆ ಹಿಡಿದು ಸದ್ದಿಲ್ಲದೆ ಇಳಿಯುತ್ತಿತ್ತು. ಒಳ್ಳೆ ಉಪಾಯ ಅಂದುಕೊಂಡು ನಾನೂ ನಮ್ಮ ಮನೆಯಲ್ಲಿ ಹಾಗೇ ಮಾಡಿದೆ. ಬೇಸಿಗೆ ಬಂದ ಮೇಲೆ ನನ್ನ ನಲ್ಲಿಯ ಎಳೆ ಬಿಚ್ಚಿ ಎಸೆದೆ. ಅನ್ಸೆಲ್ಮೊನ ನಲ್ಲಿಯಲ್ಲಿ ಅದು ಒಣಗಿಕೊಂಡು ಹಾಗೇ ತೂಗುತ್ತಿತ್ತು. ಡಿಸೆಂಬರ್‌ನಲ್ಲೂ ನಲ್ಲಿಗೆ ಚಳಿಯೇ ಅಂತ ಕೆಣಕಿದರೆ, ಇರಲಿ ಬಿಡು ಅಂದ, ಅಷ್ಟೆ.

ಈಗ ಸಾವಿನ ಮನೆಗೆ ಬರುತ್ತೇನೆ.

ನಮ್ಮ ಹಿರಿಯರೆಲ್ಲ ಚಿಲೊಯೆ ದ್ವೀಪದಿಂದ ಬಂದವರು. ಸತ್ತವರನ್ನು ಮನೆಯಲ್ಲೇ ಇಟ್ಟು, ಬಂದವರಿಗೆಲ್ಲ ಊಟ ಹಾಕಿ, ದೂರದಿಂದ ಬರಬೇಕಾದವರು ಬಂದು ಮುಖ ನೋಡಿದ ಮೇಲೆಯೇ ಪೆಟ್ಟಿಗೆ ಮುಚ್ಚುವುದು ನಮ್ಮ ಪದ್ಧತಿ. ಅಲ್ಲಿಯವರೆಗೆ ಪೆಟ್ಟಿಗೆ ಇಟ್ಟ ಕೋಣೆಯಲ್ಲಿ ಬೆಂಕಿ ಹಾಕುವಂತಿಲ್ಲ. ಕಿಟಕಿ ಒಂದು ಬೆರಳಷ್ಟು ತೆರೆದಿಡುತ್ತೇವೆ. ಕೋಟು, ಟೋಪಿ, ಕೈಗವಸು ಹಾಕಿಕೊಂಡೇ ಕೂತು ಜಪಮಣಿ ಎಣಿಸುತ್ತೇವೆ.

ಪೆಟ್ಟಿಗೆ ಮಾಡಿದವನೂ ನಮ್ಮಲ್ಲಿ ಸಾವಿನ ಮನೆಯ ಪ್ರಾರ್ಥನೆ ಓದುವವನೂ ಬಡಗಿ ರೆಮಿಹಿಯೊ. ಅವನು ಅನ್ಸೆಲ್ಮೊನ ಕಾರ್ಖಾನೆಯ ಗೆಳೆಯ. ಮುಂದಿನ ಕೋಣೆಯಲ್ಲಿ ಪೆಟ್ಟಿಗೆ ಇಳಿಸಿ, ಅಲ್ಲಿನ ಒಲೆಯ ಕೆಂಡ ತೆಗೆದು ಹೊರಗೆ ಸುರಿದು ಬಂದವನು ಗೋಡೆಯ ಬುಡ ನೋಡಿ ತಲೆ ಕೆರೆದುಕೊಂಡ. ನನಗೂ ಆಗಲೇ ಹೊಳೆದದ್ದು. ಅನ್ಸೆಲ್ಮೊ ಮದುವೆಯ ಹೊಸದರಲ್ಲಿ ಕಟ್ಟಿದ್ದು ಆ ಮುಂದಿನ ಕೋಣೆ ಒಂದೇ. ಅಡುಗೆಮನೆ, ಮಲಗುವ ಕೋಣೆ ಎಲ್ಲ ಹಿಂದಕ್ಕೆ ಬೆಳೆಸಿಕೊಂಡು ಹೋದದ್ದು. ಬೀದಿಯಿಂದ ಬಂದ ಕೊಳಾಯಿ ಮುಂದಿನ ಕೋಣೆಯ ನೆಲದಿಂದ ಮೇಲೆದ್ದು, ಗೋಡೆಗುಂಟ ಹೋಗಿ, ಹಲಗೆ ಗೋಡೆ ತೂರಿ ಅಡುಗೆಮನೆ ಸೇರುತ್ತಿತ್ತು. ಬೇಸಿಗೆಯಲ್ಲಿ ಬದಲಿಸುತ್ತೇನೆ ಅಂತ ಪ್ರತಿ ವರ್ಷ ಹೇಳುತ್ತಿದ್ದ. ಬೇಸಿಗೆಯಲ್ಲಿ ಬೇರೆಯವರ ಮನೆ ಕೆಲಸವಿರುತ್ತಿತ್ತು. ಆ ಕೋಣೆಯ ಒಲೆ ಆರದಿದ್ದುದರಿಂದ ಅಲ್ಲಿನ ಕೊಳಾಯಿ ಅಷ್ಟು ವರ್ಷ ಬದುಕಿತ್ತು. ಈಗ ಒಲೆ ಹೊತ್ತಿಸಿದರೆ ಹೆಣ ಕೆಡುತ್ತದೆ, ಹೊತ್ತಿಸದಿದ್ದರೆ ಕೊಳಾಯಿ ಸೀಳುತ್ತದೆ.

ನಾನು ಸುಲಭದ ದಾರಿ ಹೇಳಿದೆ: ಬೀದಿಯ ಗುಂಡಿಯೊಳಗಿನ ತಿರುಪು ತಿರುಗಿಸಿ ಮನೆಗೆ ಬರುವ ನೀರು ನಿಲ್ಲಿಸಿಬಿಡೋಣ, ನಲ್ಲಿ ತೆರೆದು ಕೊಳಾಯಿ ಬರಿದು ಮಾಡೋಣ, ಅಡುಗೆಗೆ ನೀರು ನಮ್ಮ ಮನೆಯಿಂದ ಹೊರೋಣ. ಯಾರಾದರೂ ಒಪ್ಪುವ ಮಾತು. ಎತೆಲ್ವಿನಾ ಒಪ್ಪಲಿಲ್ಲ.

“ನಲ್ಲಿ ಹರೀತಿರ್ಲಿ ಕೊಮಾದ್ರೆ,” ಅಂದಳು. “ಮಿರೆಯಾ ಬಂದಾಗ ಅದು ಹರೀತಿರ್ಬೇಕು.”

ಮಗಳು ಬರುವಾಗ ನಲ್ಲಿ ಹರಿದರೇನು, ಬಿಟ್ಟರೇನು ಅಂತ ಕೇಳಿದೆ. ಅವಳು ಬಾಗಿಲು ಮುಂದೆ ಮಾಡಿ, ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿ ಹೇಳಿದಳು. ಮಗಳು ನಲ್ಲಿ ಮುಚ್ಚಿದ್ದು ಯಾಕೆಂದು ಗಂಡನಿಗೆ ಗೊತ್ತಾಗಿತ್ತಂತೆ. ಯಾರೂ ಹೇಳಿದ್ದಲ್ಲ. ಮಗಳು ಹೋದ ಮೇಲೆ ಒಂದು ರಾತ್ರಿ ಎದ್ದು ಕೂತು, ತೊಟ್ಟಿಗೆ ಬೀಳುವ ನೀರನ್ನೇ ಬಹಳ ಹೊತ್ತು ಕೇಳಿಸಿಕೊಂಡನಂತೆ. ಬೆಳಿಗ್ಗೆ ಉಣ್ಣೆ ಕೇಳಿದ. ಎಳೆ ಕಟ್ಟಿದ. ಅಂದಿನಿಂದ ಪ್ರತಿ ಹಬ್ಬಕ್ಕೂ ಬಸ್ಸು ಬರುವ ಹೊತ್ತಿಗೆ ಬೇಲಿ ರಿಪೇರಿ ಮಾಡುವ ನೆಪದಲ್ಲಿ ಹೊರಗೆ ನಿಲ್ಲುತ್ತಿದ್ದನಂತೆ. ಹೇಳಿಕಳಿಸು ಅಂದರೆ ಬಗ್ಗುತ್ತಿರಲಿಲ್ಲ. ಬರ್ತಾಳೆ, ನಲ್ಲಿ ನೋಡ್ತಾಳೆ, ಅವಳೇನು ದಡ್ಡಿಯೇ, ಅನ್ನುತ್ತಿದ್ದನಂತೆ.

“ಬಯ್ದಿದ್ದು ಬಾಯಿಂದ,” ಅಂದಳು ಎತೆಲ್ವಿನಾ. “ತಪ್ಪಾಯ್ತು ಅಂದಿದ್ದು ಅದೊಂದೇ ಕಡೆ. ಅದನ್ನ ನಾನು ಹೇಗೆ ಬರಿದು ಮಾಡ್ಲಿ?”

ನೀರು ನಿಲ್ಲಿಸುವ ಮಾತು ಬಿಟ್ಟೆ. ಆ ಮಧ್ಯಾಹ್ನವೇ ರೇಡಿಯೊದವರಿಗೆ ಸಂದೇಶ ಕೊಟ್ಟು ಬಂದೆ. ಎಸ್ಟೇಟುಗಳಿಗೆ ಟೆಲಿಫೋನಿಲ್ಲ. ಊಟದ ಹೊತ್ತಿಗೆ ರೇಡಿಯೊದಲ್ಲಿ ಸಂದೇಶ ಓದುತ್ತಾರೆ. ಯಾರಿಗೆ ಮಗು ಹುಟ್ಟಿತು, ಯಾರಿಗೆ ಬೂಟು ಕಳಿಸಿದೆ, ಎಲ್ಲವನ್ನೂ ಇಡೀ ದ್ವೀಪವೇ ಕೇಳಿಸಿಕೊಳ್ಳುತ್ತದೆ. ಮಿರೆಯಾ, ನಿಮ್ಮ ತಂದೆ ತೀರಿಕೊಂಡರು, ನಿಮಗಾಗಿ ಕಾಯುತ್ತಿದ್ದಾರೆ ಅಂತ ಓದಿದರು. ಮಾರನೆಯ ಮಧ್ಯಾಹ್ನ ಉತ್ತರವೂ ರೇಡಿಯೊದಲ್ಲೇ ಬಂತು. ಅವಳು ಹೊರಟಿದ್ದಾಳೆ, ಆದರೆ ಗುಡ್ಡದ ದಾರಿಯಲ್ಲಿ ಹಿಮ ಎದೆಮಟ್ಟ ನಿಂತಿದೆ, ಹಿಮ ಗೋರುವ ಯಂತ್ರದ ಹಿಂದೆಯೇ ಬರಬೇಕು, ತಡವಾದರೂ ಕಾಯಿರಿ ಅಂತ.

ಕಾದೆವು. ಮುಂದಿನ ಕೋಣೆಯ ಕೊಳಾಯಿಗೆ ಅನ್ಸೆಲ್ಮೊ ಸುತ್ತಿದ್ದ ಹಳೆಯ ಉಣ್ಣೆಯ ಮೇಲೆ ಒಂದು ಕುರಿಚರ್ಮ ಸುತ್ತಿ, ಅದರ ಮೇಲೆ ನನ್ನ ಹಿಟ್ಟಿನ ಚೀಲಗಳನ್ನು ಹೊದಿಸಿ ಕಟ್ಟಿದೆವು. ಕೊಳಾಯಿ ನೆಲದಿಂದ ಎದ್ದು ಬಾಗುವ ಕಡೆ ಮಾತ್ರ ಕಟ್ಟಲು ಬರುತ್ತಿರಲಿಲ್ಲ. ಅಲ್ಲಿ ಸರದಿಯಲ್ಲಿ ಕೂತು ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಹಿಂಡಿ ಹಿಂಡಿ ಇಟ್ಟೆವು. ಒಂದು ಬದಿಗೆ ಕಿಟಕಿಯಿಂದ ಗಾಳಿ ಬಿಟ್ಟು ಹೆಣವನ್ನು ತಣ್ಣಗಿಡುವುದು, ಅದೇ ಕೋಣೆಯ ಇನ್ನೊಂದು ಬದಿಗೆ ಮಂಡಿಯೂರಿ ಕೊಳಾಯಿಯನ್ನು ಬೆಚ್ಚಗಿಡುವುದು.

“ಸತ್ತವನಿಗೆ ಚಳಿ, ಕೊಳಾಯಿಗೆ ಕಂಬಳಿ,” ಅಂದ ರೆಮಿಹಿಯೊ ಗೋಣಿ ಬಿಗಿಯುತ್ತ. “ಇವನು ಈಗ ಎದ್ದು ಕೂತ್ರೆ ಮೊದ್ಲು ನನ್ನ ಗಂಟು ಬಿಚ್ಚಿಸ್ತಾನೆ. ಏನ್ ಗಂಟಯ್ಯಾ ಇದು, ಹಸು ಕಟ್ಟಿದೀಯಾ ಅಂತಾನೆ.” ಎತೆಲ್ವಿನಾ ನಕ್ಕಳು. ನಕ್ಕವಳು ಹಾಗೆಯೇ ಎದ್ದು ಅಡುಗೆಮನೆಗೆ ಹೋದಳು.

ಅಡುಗೆಮನೆಯಲ್ಲಿ ದೊಡ್ಡ ಒಲೆ ಉರಿಯುತ್ತಿತ್ತು. ಕುರಿಮಾಂಸದ ಸಾರು, ಬೇಯಿಸಿದ ಆಲೂಗಡ್ಡೆ, ನನ್ನ ಬ್ರೆಡ್ಡು. ಬಂದವರು ಉಣ್ಣುತ್ತಿದ್ದರು, ಹೋಗುತ್ತಿದ್ದರು. ನಲ್ಲಿ ಹರಿಯುತ್ತಿತ್ತು. ಎತೆಲ್ವಿನಾ ಪಾತ್ರೆ ತೊಳೆಯುವವರನ್ನೆಲ್ಲ ಆ ಎಳೆ ಕಿತ್ತೀರಿ ಜೋಕೆ ಅಂತ ಎಚ್ಚರಿಸುತ್ತಿದ್ದಳು. ಕೊಡ ತುಂಬಿಕೊಳ್ಳುವಾಗ ಎಳೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಆಮೇಲೆ ಮತ್ತೆ ತೊಟ್ಟಿಗೆ ಇಳಿಬಿಡುತ್ತಿದ್ದೆವು.

ಮಧ್ಯಾಹ್ನಗಳು ಕಳೆದವು. ರೇಡಿಯೊ ಹಿಮದ ಸುದ್ದಿಯನ್ನೇ ಹೇಳುತ್ತಿತ್ತು. ಗೋರಿದ ದಾರಿಯನ್ನು ಗಾಳಿ ಮತ್ತೆ ಮುಚ್ಚುತ್ತಿತ್ತು. ಒಂದು ಬೆಳಿಗ್ಗೆ ರೆಮಿಹಿಯೊ ಪೆಟ್ಟಿಗೆಯ ಮೇಲೆ ಬಾಗಿ ನೋಡಿ, ಮುಖದ ಮೇಲಿನ ಬಟ್ಟೆಯನ್ನು ಮತ್ತೆ ಹೊದಿಸಿದ. ನನ್ನನ್ನು ಕರೆದು ಮೆಲ್ಲಗೆ ಹೇಳಿದ. ಅಡುಗೆಮನೆಯ ಬಿಸಿ ಹಲಗೆ ಗೋಡೆಯಿಂದ ಈಚೆಗೆ ಬರುತ್ತಿದೆ, ಒಂದು ಕೆನ್ನೆಯ ಬಣ್ಣ ತಿರುಗುತ್ತಿದೆ, ಇನ್ನೂ ಕಾಯಬೇಕೆಂದರೆ ಆ ಒಲೆಯೂ ಆರಬೇಕು ಅಂತ.

ಅದು ಆರಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನಲ್ಲಿ ಇರುವುದು ಆ ಒಲೆಯ ಉಸಿರಿನಲ್ಲಿ. ಮುಂದಿನ ಕೋಣೆಯ ಕೊಳಾಯಿಗೆ ಎಷ್ಟು ಬಿಸಿ ಬಟ್ಟೆ ಇಟ್ಟರೂ ಇಡೀ ಮನೆ ತಣ್ಣಗಾದ ಮೇಲೆ ಅದು ತಡೆಯುವುದಿಲ್ಲ.

ನಾನು ಎತೆಲ್ವಿನಾಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಎರಡೂ ಉಳಿಯೋದಿಲ್ಲ ಕೊಮಾದ್ರೆ. ಒಲೆ ಇರ್ಲಿ ಅಂದ್ರೆ ಇವತ್ತೇ ಪೆಟ್ಟಿಗೆ ಮುಚ್ಚಬೇಕು, ಅವಳು ಮುಖ ನೋಡೋದಿಲ್ಲ. ಒಲೆ ಆರಿಸಿದ್ರೆ ನಲ್ಲಿ ನಿಲ್ಲುತ್ತೆ.

ಅವಳು ನಲ್ಲಿಯ ಮುಂದೆ ಹೋಗಿ ನಿಂತಳು. ಎಳೆ ಹಿಡಿದು ಇಳಿಯುವ ನೀರಿಗೆ ಬೆರಳಿಟ್ಟಳು. ಬೆರಳಿನ ಮೇಲೆ ನೀರು ಎರಡಾಗಿ ಹರಿದು, ಕೆಳಗೆ ಮತ್ತೆ ಒಂದಾಯಿತು.

“ಮುಖ ನೋಡ್ಲಿ,” ಅಂದಳು. “ನಲ್ಲಿ ವಿಷಯ ನಾನು ಬಾಯಲ್ಲಿ ಹೇಳ್ತೀನಿ. ಅವರಿಗೆ ಬರ್ತಿರ್ಲಿಲ್ಲ, ನನಗೆ ಬರುತ್ತೆ.”

ತಾನೇ ಸಲಿಕೆ ತಂದು ಒಲೆಯ ಕೆಂಡ ತೆಗೆದಳು. ಅಡುಗೆಯೆಲ್ಲ ನಮ್ಮ ಮನೆಗೆ ಬಂತು. ನಾನು ಅವರ ಬಾಗಿಲ ಹಿಂದೆ ತೂಗುತ್ತಿದ್ದ ಉದ್ದನೆಯ ಕಬ್ಬಿಣದ ಕೀಲಿ ತೆಗೆದುಕೊಂಡೆ. ಬೀದಿಯ ಗುಂಡಿಗಳಲ್ಲಿ ನೀರು ನಿಲ್ಲಿಸುವ ಕೀಲಿ ಅದು, ಇಡೀ ಬೀದಿಗೆ ಅದೊಂದೇ. ಕೊಳಾಯಿ ಸೀಳುವ ಮುಂಚೆ ಬರಿದು ಮಾಡಬಹುದೆಂದು ಆಸೆ. ಆದರೆ ಗುಂಡಿಯ ಮುಚ್ಚಳ ಮಂಜುಗಡ್ಡೆಯಲ್ಲಿ ಕೂತುಬಿಟ್ಟಿತ್ತು. ರೆಮಿಹಿಯೊ ಕೊಡಲಿಯಿಂದ ಒಡೆದು, ನಾನು ಚಳಿ ತಡೆಯಲು ಗುಂಡಿಗೆ ತುಂಬಿದ್ದ ಮರದ ಹೊಟ್ಟು ತೋಡಿ, ಕೀಲಿ ಇಳಿಸಿ ತಿರುಗಿಸುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಒಳಗೆ ಬಂದು ನೋಡಿದರೆ ನಲ್ಲಿ ಆಗಲೇ ನಿಂತಿತ್ತು. ಉಣ್ಣೆಯ ಎಳೆ ಮೇಲಿನಿಂದ ಕೆಳಗಿನವರೆಗೆ ಮಂಜುಗಡ್ಡೆಯಾಗಿ, ಮೇಣದ ಬತ್ತಿಯ ಹಾಗೆ ನೆಟ್ಟಗೆ ನಿಂತಿತ್ತು. ನಡುವೆ ಬಿಳಿಯ ನೂಲು ಕಾಣುತ್ತಿತ್ತು.

ಮಿರೆಯಾ ಬಂದದ್ದು ಮಾರನೆಯ ದಿನ, ಬೆಳಕು ಇನ್ನೂ ಇರುವಾಗ. ಹಿಮ ಗೋರುವ ಯಂತ್ರದವನು ಅವಳನ್ನು ಬೇಲಿಯ ಮುಂದೆಯೇ ಇಳಿಸಿ, ಟೋಪಿ ತೆಗೆದು ನಿಂತ. ಯಾರದೋ ಗಂಡಸಿನ ಕೋಟು ಹಾಕಿಕೊಂಡಿದ್ದಳು. ಮುಖ ಗಾಳಿಗೆ ಸುಟ್ಟು ಕಪ್ಪಾಗಿತ್ತು. ತಾಯಿಯನ್ನು ತಬ್ಬಿಕೊಂಡು ನೇರವಾಗಿ ಪೆಟ್ಟಿಗೆಯ ಹತ್ತಿರ ಹೋದಳು. ರೆಮಿಹಿಯೊ ಬಟ್ಟೆ ಸರಿಸಿದ. ಅವನ ಮುಖ ಚೆನ್ನಾಗಿಯೇ ಇತ್ತು, ಯಾವುದೋ ಕೊಳಾಯಿಗೆ ಕಿವಿಗೊಟ್ಟವನ ಹಾಗೆ. ಅವಳು ಅಳಲಿಲ್ಲ. ಹಣೆ ಮುಟ್ಟಿದಳು, ಅಂಗಿಯ ಕಾಲರು ಸರಿ ಮಾಡಿದಳು. ಆಮೇಲೆ, ದೂರದ ದಾರಿಯಿಂದ ಮನೆಗೆ ಬಂದವರು ಮಾಡುವ ಹಾಗೆ, ಕೈ ತೊಳೆಯಲು ಅಡುಗೆಮನೆಗೆ ಹೋದಳು.

ನಾನೂ ಎತೆಲ್ವಿನಾಳೂ ಹಿಂದೆಯೇ ಹೋದೆವು. ಅವಳು ನಲ್ಲಿಯ ಕಡೆ ನೀಡಿದ ಕೈ ಹಾಗೇ ನಿಂತಿತ್ತು.

“ಇದನ್ನ ಯಾರು ಕಟ್ಟಿದ್ದು?”

“ನಿಮ್ಮಪ್ಪ.”

“ಯಾವಾಗ?”

“ನೀನು ಹೋಗಿ ಸ್ವಲ್ಪ ದಿನಕ್ಕೆ,” ಅಂದಳು ಎತೆಲ್ವಿನಾ. “ಬಿಳಿ ಉಣ್ಣೆ ಇದ್ರೆ ಕೊಡು ಅಂದ್ರು. ಯಾಕೆ ಅಂದೆ. ನೀರಿನ ಸದ್ದಿಗೆ ನಿನಗೆ ನಿದ್ದೆ ಬರಲ್ವಲ್ಲ, ಅದಕ್ಕೆ ಅಂದ್ರು.”

“ನಿನಗಾ? ಗಾಳಿಗೆ ಛಾವಣಿ ಹಾರಿಹೋದ್ರೂ ನಿನಗೆ ಎಚ್ಚರ ಆಗಲ್ಲ.”

“ನಾನೂ ಅದನ್ನೇ ಅಂದೆ. ಸುಮ್ನೆ ಉಣ್ಣೆ ಕೊಡು ಅಂದ್ರು.”

ಮಿರೆಯಾ ತೊಟ್ಟಿಯ ಅಂಚು ಹಿಡಿದುಕೊಂಡಳು. ಒಂದು ಸಂದೇಶ ಕಳಿಸಬಹುದಿತ್ತಲ್ಲ ಅಂದಳು, ರೇಡಿಯೊದಲ್ಲಿ ಒಂದು ಮಾತು, ಬಾ ಅಂತ ಅಷ್ಟೇ ಆದರೂ. ಇಡೀ ದ್ವೀಪ ಕೇಳಿಸಿಕೊಳ್ಳುತ್ತಿತ್ತಲ್ಲ, ಅವರು ಹಾಗೆಲ್ಲ ಹೇಳಿಸುವವರೇ ಅಂತ ಎತೆಲ್ವಿನಾ ಅಂದಳು. ನೀನು ಬಂದಾಗ ನೋಡುತ್ತೀ ಅಂತ ಬೇಸಿಗೆಯಲ್ಲೂ ಬಿಚ್ಚಲು ಬಿಡಲಿಲ್ಲ ಅಂದಳು.

“ನಾನು ಈಸ್ಟರಿಗೆ ಬಟ್ಟೆ ಗಂಟು ಕಟ್ಟಿದ್ದೆ,” ಅಂದಳು ಮಿರೆಯಾ. “ಆಮೇಲೆ ಬಿಚ್ಚಿದೆ.”

ಅಷ್ಟು ಹೇಳಿ ನೆಲದ ಮೇಲೆ ಕೂತುಬಿಟ್ಟಳು. ಎತೆಲ್ವಿನಾ ಪಕ್ಕದಲ್ಲಿ ಕೂತಳು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ತಣ್ಣನೆ ಮನೆಯಲ್ಲಿ ಅವರಿಬ್ಬರ ಅಳು ಹಲಗೆ ದಾಟಿ ಕೇಳುತ್ತಿತ್ತು. ರೆಮಿಹಿಯೊ ಜೋರಾಗಿ ಪ್ರಾರ್ಥನೆ ಓದತೊಡಗಿದ.

ಹೂಳಿದ್ದು ಮರುದಿನ. ನೆಲ ಕಲ್ಲಾಗಿತ್ತು. ಮಣ್ಣಿನ ಮೇಲೆ ಬೆಂಕಿ ಉರಿಸಿ, ಮೆತ್ತಗಾದಷ್ಟು ಅಗೆದು, ಮತ್ತೆ ಉರಿಸಿ ಅಗೆಯಬೇಕಾಯಿತು. ಅವನ ಪಾಠ ಕೇಳಿದ ಮನೆಗಳ ಗಂಡಸರೆಲ್ಲ ಸಲಿಕೆ ಹಿಡಿದು ಬಂದಿದ್ದರು. ಇವನ ಗುಂಡಿಗೆ ಉಣ್ಣೆ ಸುತ್ತಬೇಕೇನೋ ಅಂತ ಒಬ್ಬ ಅಂದ. ಮಿರೆಯಾ ತನ್ನ ಕೈಗವಸು ಬಿಚ್ಚಿ ಒಂದು ಹಿಡಿ ಮಣ್ಣು ಹಾಕಿದಳು. ಅದು ಪೆಟ್ಟಿಗೆಯ ಮೇಲೆ ಕಲ್ಲಿನ ಹಾಗೆ ಸದ್ದು ಮಾಡಿತು.

ಮನೆಗೆ ಬಂದು ಎರಡೂ ಒಲೆ ಹೊತ್ತಿಸಿದೆವು. ಕೊಳಾಯಿ ಕರಗಿಸಲು ನಮ್ಮ ಮನೆಯಿಂದ ನೀರು ಕಾಯಿಸಿ ತಂದೆ. ನಲ್ಲಿ ತೆರೆದಿಟ್ಟು, ಬಿಸಿ ಬಟ್ಟೆಯನ್ನು ನಲ್ಲಿಯ ಕಡೆಯಿಂದ ಶುರುಮಾಡಿ ಬೀದಿಯ ಕಡೆಗೆ ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ಹೋಗಬೇಕು. ಅವಸರ ಮಾಡಿ ನಡುವಿನಲ್ಲಿ ಕಾಯಿಸಿದರೆ ಕರಗಿದ ನೀರಿಗೆ ದಾರಿ ಸಿಗದೆ ಕೊಳಾಯಿ ಒಡೆಯುತ್ತದೆ. ಇದೂ ಅವನು ಕಲಿಸಿದ್ದೇ. ಎಳೆಯನ್ನು ಬಿಚ್ಚಿ ಪಕ್ಕಕ್ಕಿಡೋಣವೇ ಅಂತ ಮಿರೆಯಾಳನ್ನು ಕೇಳಿದೆ. ಬೇಡ ಅಂದಳು. ತೊಟ್ಟಿಯ ಮುಂದೆ ಮಂಡಿಯೂರಿ, ಎರಡೂ ಅಂಗೈಯಲ್ಲಿ ಆ ಮಂಜಿನ ಎಳೆಯನ್ನು ಹಿಡಿದುಕೊಂಡಳು. ಕೈ ಕೆಂಪಾದಾಗ ಕಂಕುಳಲ್ಲಿ ಬೆಚ್ಚಗೆ ಮಾಡಿಕೊಂಡು ಮತ್ತೆ ಹಿಡಿದಳು. ಬಟ್ಟೆ ಕೊಡ್ತೀನಿ ಅಂದರೆ ಕೇಳಲಿಲ್ಲ. ಹನಿ ಹನಿಯಾಗಿ ಅದು ಅವಳ ಮೊಣಕೈಗಳಿಂದ ಇಳಿಯಿತು. ಕೊನೆಗೆ ಒದ್ದೆಯಾದ ಬಿಳಿ ನೂಲು ಮೆತ್ತಗೆ ಬಾಗಿತು.

ಮುಂದಿನ ಕೋಣೆಯಲ್ಲಿ ಬಾಗುವ ಕಡೆ ಕೊಳಾಯಿ ಕೂದಲೆಳೆಯಷ್ಟು ಬಿರಿದಿತ್ತು. ಅದಕ್ಕೆ ರಬ್ಬರು ಸುತ್ತಿ ತಂತಿ ಬಿಗಿದೆವು. ಬೇಸಿಗೆಯವರೆಗೆ ತಡೆಯುತ್ತದೆ, ಬೇಸಿಗೆಯಲ್ಲಿ ಯಾರು ಬದಲಿಸುತ್ತಾರೋ ನೋಡಬೇಕು. ನಾನು ಕೀಲಿ ಹಿಡಿದು ಬೀದಿಗೆ ಹೋದೆ. ಗುಂಡಿಯಲ್ಲಿ ಕೀಲಿ ಇಳಿಸಿ ನಿಧಾನವಾಗಿ ತಿರುಗಿಸಿದೆ. ತೆರೆದ ಬಾಗಿಲಿನಿಂದ ಒಳಗೆ ಕೂಗಿದೆ, ನೀರು ಬಂತಾ ಅಂತ.

ಇನ್ನಷ್ಟು ತಿರುಗಿಸಿ ಮತ್ತೆ ಕೂಗಿದೆ.

“ತಡಿ ಮದ್ರಿನಾ,” ಅಂದಳು ಮಿರೆಯಾ. “ಸದ್ದೇ ಇಲ್ಲ. ಮುಟ್ಟಿ ನೋಡ್ಬೇಕು.”

ನಾನು ಹಿಮದಲ್ಲಿ ಕೀಲಿ ಹಿಡಿದು ನಿಂತೆ.

“ಬರ್ತಿದೆ,” ಅಂದಳು ಆಮೇಲೆ.